ಮಾನ್‌ಸ್ಟರ್ ಮ್ಯಾನ್ಯುಅಲ್: ಕಾಳಗ ಹೆಣೆಯುವವರಿಗೆ ಎಷ್ಟು ಉಪಯುಕ್ತ?

ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತ, ತಲಾ ಒಂದು ಪಾತ್ರವನ್ನು ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಗಾಗಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ‘ಮಾನ್‌ಸ್ಟರ್ ಮ್ಯಾನ್ಯುಅಲ್’ ಆಟದಲ್ಲಿ ಎದುರಾಗುವ ಜೀವಿಗಳನ್ನು ವಿವರಿಸುವ, 352 ಪುಟಗಳ, ಗಟ್ಟಿ ರಟ್ಟಿನ ಪುಸ್ತಕ. ಇದೇ ಹೆಸರಿನ ಮೊದಲ ಪುಸ್ತಕ 1977ರಲ್ಲಿ ಬಂದಿತ್ತು. ಅಲ್ಲಿಂದೀಚೆಗೆ ಆಟದ ಪ್ರತಿಯೊಂದು ಆವೃತ್ತಿಯೂ ತನ್ನದೇ ಜೀವಿಸಂಗ್ರಹವನ್ನು ಹೊರತಂದಿದೆ. ಪುಸ್ತಕದ ಚಿತ್ರಗಳು, ಮುದ್ರಣ, ಜೀವಿಗಳ ಕಥನ ಇವುಗಳ ಬಗ್ಗೆ ಸಾಕಷ್ಟು ಹೊಗಳಿಕೆ ಬಂದಿದ್ದು, ಅದರಲ್ಲಿ ಹೆಚ್ಚಿನದು ನ್ಯಾಯವಾದದ್ದೇ ಆಗಿದೆ. ಈ ವಿಮರ್ಶೆಯ ಪ್ರಶ್ನೆ ಮಾತ್ರ ಬೇರೆ. ಡಂಜನ್ ಮಾಸ್ಟರ್ ಆಗಿ, ಅಂದರೆ ಕಥೆಯನ್ನೂ ಎದುರಾಳಿ ಜೀವಿಗಳನ್ನೂ ನಡೆಸುವವರಾಗಿ, ಮುಂದಿನ ಬೈಠಕ್‌ಗೆ ಒಂದು ಎನ್‌ಕೌಂಟರ್ (ಜೀವಿಗಳೊಂದಿಗಿನ ಮುಖಾಮುಖಿ) ಸಿದ್ಧಪಡಿಸಲು ಕುಳಿತವರಿಗೆ ಈ ಪುಸ್ತಕ ಎಷ್ಟರಮಟ್ಟಿಗೆ ನೆರವಾಗುತ್ತದೆ? ನನ್ನ ಅಭಿಪ್ರಾಯದಲ್ಲಿ, ಕಾಳಗ ಹೆಣೆಯಲು ಬೇಕಾದ ಸಾಮಗ್ರಿಯನ್ನು ಇದು ಧಾರಾಳವಾಗಿ ಕೊಡುತ್ತದೆ, ಹೆಣೆಯುವ ಬಗೆಯನ್ನು ಮಾತ್ರ ಎಲ್ಲಿಯೂ ಹೇಳಿಕೊಡುವುದಿಲ್ಲ; ಅದಕ್ಕಿಂತ ಹೆಚ್ಚಾಗಿ, ಓದುಗರ ಕಣ್ಣು ಮೊದಲು ಬೀಳುವಂತೆ ಅದು ಮುಂದಿಡುವ ಅಂಕಿಗಳೇ ಕಾಳಗದ ವಿಷಯದಲ್ಲಿ ಅತ್ಯಂತ ಕಡಿಮೆ ಮಾತನಾಡುತ್ತವೆ.

ಪ್ರತಿಯೊಂದು ಜೀವಿಗೂ ಒಂದು ಅಂಕಿಅಂಶದ ಚೌಕವಿದೆ. ಆಟಗಾರರು ಇದನ್ನು ಸ್ಟ್ಯಾಟ್ ಬ್ಲಾಕ್ ಎನ್ನುತ್ತಾರೆ. ಆರ್ಮರ್ ಕ್ಲಾಸ್ (ಪೆಟ್ಟು ತಾಗಲು ದಾಳಿಗಾರರಿಗೆ ಬರಬೇಕಾದ ಅಂಕ), ಹಿಟ್ ಪಾಯಿಂಟ್ (ಎಷ್ಟು ಹಾನಿ ತಾಳಬಲ್ಲದು ಎಂಬ ಅಂಕಿ), ವೇಗ, ಸ್ಟ್ರೆಂತ್, ಇಂಟೆಲಿಜೆನ್ಸ್‌ನಂಥ ಆರು ಗುಣಾಂಕಗಳು, ಇಂದ್ರಿಯಗಳು, ಭಾಷೆಗಳು, ಕೊನೆಗೆ ಚಾಲೆಂಜ್ ರೇಟಿಂಗ್ (ಜೀವಿ ಎಷ್ಟು ಕಷ್ಟದ ಎದುರಾಳಿ ಎಂಬ ಅಂಕಿ). ಇವೆಲ್ಲ ಮುಗಿದ ಮೇಲೆ ಒಂದು ಗೆರೆ, ಆ ಗೆರೆಯ ಕೆಳಗೆ ಆ ಜೀವಿಯ ವಿಶೇಷ ಸಾಮರ್ಥ್ಯಗಳು. ಹೊಸ ಡಂಜನ್ ಮಾಸ್ಟರ್‌ಗಳಲ್ಲಿ ಹೆಚ್ಚಿನವರು ಗೆರೆಯ ಮೇಲಿನದನ್ನು ನೋಡಿ ಜೀವಿಯನ್ನು ಆರಿಸುತ್ತಾರೆ, ಗೆರೆಯ ಕೆಳಗಿನದನ್ನು ಕಾಳಗ ಶುರುವಾದ ಮೇಲೆ ಓದುತ್ತಾರೆ. ಈ ಕ್ರಮವನ್ನು ತಿರುಗಿಸಿದರೆ ಪುಸ್ತಕದ ನಿಜವಾದ ಬೆಲೆ ಗೊತ್ತಾಗುತ್ತದೆ ಎಂಬುದು ನನ್ನ ವಾದ.

ಇದಕ್ಕೆ ಗಾಬ್ಲಿನ್ ಎಂಬ ಕುಳ್ಳ ಜೀವಿ, ತೋಳ ಮತ್ತು ಝೋಂಬಿಗಿಂತ ಒಳ್ಳೆಯ ಉದಾಹರಣೆ ಪುಸ್ತಕದಲ್ಲಿ ಸಿಗಲಾರದು. ಮೂರಕ್ಕೂ ಚಾಲೆಂಜ್ ರೇಟಿಂಗ್ ಕಾಲು (1/4), ಮೂರಕ್ಕೂ ತಲಾ 50 ಅನುಭವಾಂಕ (ಸೋಲಿಸಿದವರಿಗೆ ಸಿಗುವ ಅಂಕ). ಒಂದನೆಯ ಮಟ್ಟದ ನಾಲ್ಕು ಪಾತ್ರಗಳೆದುರು ಈ ಮೂರರಲ್ಲಿ ಯಾವುದನ್ನೇ ನಾಲ್ಕು ನಿಲ್ಲಿಸಿದರೂ, 2014ರ ‘ಡಂಜನ್ ಮಾಸ್ಟರ್ಸ್ ಗೈಡ್’ ಎಂಬ ಜೊತೆಪುಸ್ತಕದ ಲೆಕ್ಕದಲ್ಲಿ 200ಕ್ಕೆ, ಜೀವಿಗಳು ನಾಲ್ಕಿರುವುದರಿಂದ, ಎರಡರ ಗುಣಕ ಸೇರಿ 400 ಆಗುತ್ತದೆ, ಅದು ಆ ಗುಂಪಿಗೆ ‘ಮಾರಕ’ ಎಂದು ನಿಗದಿಯಾದ ಗಡಿಗೆ ಸರಿಯಾಗಿ ತಾಗುತ್ತದೆ. ಲೆಕ್ಕಕ್ಕೆ ಈ ಮೂರೂ ಕಾಳಗಗಳು ಒಂದೇ. ಮೇಜಿನ ಮೇಲೆ ಅವುಗಳಲ್ಲಿ ಯಾವ ಎರಡೂ ಒಂದನ್ನೊಂದು ಹೋಲುವುದಿಲ್ಲ.

ಗಾಬ್ಲಿನ್‌ಗೆ ಏಳೇ ಹಿಟ್ ಪಾಯಿಂಟ್. ಆದರೆ ಪ್ರತಿ ಸರದಿಯಲ್ಲೂ ಬೋನಸ್ ಆ್ಯಕ್ಷನ್ (ಮುಖ್ಯ ಕ್ರಿಯೆಯ ಜೊತೆಗೆ ಸಿಗುವ ಸಣ್ಣ ಕ್ರಿಯೆ) ಬಳಸಿ ಅದು ಕಾಳಗದಿಂದ ಹಿಂದೆ ಸರಿಯಬಹುದು ಅಥವಾ ಅಡಗಿಕೊಳ್ಳಬಹುದು. ಅಡಗುವ ಕೌಶಲಕ್ಕೆ ಆರು ಅಂಕಗಳ ಹೆಚ್ಚುವರಿ ಬಲವೂ ಇದೆ. ಆದ್ದರಿಂದ ಗಾಬ್ಲಿನ್ ಎಂದರೆ ಬಾಣ ಬಿಟ್ಟು ಮರೆಯಾಗುವ, ಮುಂದಿನ ಸರದಿಯಲ್ಲಿ ಕಾಣದ ಕಡೆಯಿಂದ ಅಡ್ವಾಂಟೇಜ್‌ನೊಂದಿಗೆ (ಎರಡು ದಾಳ ಉರುಳಿಸಿ ದೊಡ್ಡದನ್ನು ತೆಗೆದುಕೊಳ್ಳುವ ಅನುಕೂಲ) ಮತ್ತೆ ಬಾಣ ಬಿಡುವ ಜೀವಿ. ಆದರೆ ಅಡಗಲು ಮರೆ ಬೇಕಲ್ಲವೇ? ಬಂಡೆ, ಪೊದೆ, ಬಿದ್ದ ಮರ, ಮುರಿದ ಗೋಡೆ ಇಲ್ಲದ ಬಯಲಿನಲ್ಲಿ ಆ ಸಾಮರ್ಥ್ಯದ ಅರ್ಧ ಭಾಗ ಸತ್ತಂತೆಯೇ. ನಾಲ್ಕು ಗಾಬ್ಲಿನ್‌ಗಳನ್ನು ಖಾಲಿ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ, ‘ಇವು ಏನೂ ಅಲ್ಲ, ಎರಡು ಸುತ್ತಿನಲ್ಲಿ ಸತ್ತವು’ ಎಂದು ದೂರುವವರು ಗೆರೆಯ ಕೆಳಗಿನ ಸಾಲನ್ನು ಓದಿಲ್ಲ ಎಂದೇ ಹೇಳಬೇಕಾಗುತ್ತದೆ.

ತೋಳಕ್ಕೆ ಮರೆ ಬೇಡ, ಬಯಲೇ ಬೇಕು. ಗುರಿಯ ಐದು ಅಡಿಯೊಳಗೆ ತನ್ನ ಸಂಗಾತಿಯೊಂದು ಇದ್ದರೆ ಅದರ ದಾಳಿಗೆ ಅಡ್ವಾಂಟೇಜ್ ಸಿಗುತ್ತದೆ. ಕಚ್ಚಿದಾಗ ಗುರಿ 11ರ ಸ್ಟ್ರೆಂತ್ ಸೇವಿಂಗ್ ಥ್ರೋ (ಪಾರಾಗಲು ಆ ಗುಣಾಂಕದ ಬಲ ಸೇರಿಸಿ ಹಾಕುವ ದಾಳ; ಇಲ್ಲಿ ಕನಿಷ್ಠ 11 ಬರಬೇಕು) ಗೆಲ್ಲದಿದ್ದರೆ ನೆಲಕ್ಕೆ ಬೀಳುತ್ತದೆ. ಸಾಮಾನ್ಯ ಮಾನವ ಪಾತ್ರದ ವೇಗ 30 ಅಡಿಯಾದರೆ ತೋಳದ್ದು 40. ಬಿದ್ದವರು ಎದ್ದು ನಿಲ್ಲಲು ತಮ್ಮ ಚಲನೆಯ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಈ ಸಂಗತಿಗಳನ್ನು ಒಟ್ಟಿಗೆ ಓದಿದಾಗ ತೋಳದ ಕಾಳಗ ಎಂದರೇನೆಂದು ತಾನಾಗಿ ತಿಳಿಯುತ್ತದೆ: ಗುಂಪಿನಿಂದ ಒಬ್ಬರನ್ನು ಬೇರ್ಪಡಿಸಿ ಬೀಳಿಸುವುದು, ಉಳಿದವರು ಅವರನ್ನು ಬಿಟ್ಟು ಓಡಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುವಂತೆ ಮಾಡುವುದು. ಬೆನ್ನಿಗೆ ಗೋಡೆ ಸಿಕ್ಕ ಕೂಡಲೇ ಆಟಗಾರರ ಪರಿಸ್ಥಿತಿ ಸುಧಾರಿಸುತ್ತದೆ. ಹಾಗಾಗಿ ನಕ್ಷೆಯಲ್ಲಿ ಆ ಗೋಡೆ ಎಷ್ಟು ದೂರದಲ್ಲಿದೆ ಎಂಬುದೇ ಈ ಎನ್‌ಕೌಂಟರ್‌ನ ಕಷ್ಟದ ನಿಜವಾದ ಅಳತೆ.

ಝೋಂಬಿಯ ವೇಗ 20 ಅಡಿ, ಆರ್ಮರ್ ಕ್ಲಾಸ್ 8. ಬಯಲಿನಲ್ಲಿ ಬಿಲ್ಲು ಹಿಡಿದವರಿಗೆ ಅದು ಅಪಾಯವೇ ಅಲ್ಲ. ಆದರೆ 22 ಹಿಟ್ ಪಾಯಿಂಟ್ ಮುಗಿದ ಮೇಲೂ ಅದು ಒಂದು ಕಾನ್‌ಸ್ಟಿಟ್ಯೂಷನ್ ಸೇವಿಂಗ್ ಥ್ರೋ ಹಾಕುತ್ತದೆ. ಐದಕ್ಕೆ ಆ ಪೆಟ್ಟಿನ ಹಾನಿಯನ್ನು ಕೂಡಿಸಿದಷ್ಟು ಅಂಕ ಬಂದರೆ ಸಾಯದೆ ಒಂದು ಹಿಟ್ ಪಾಯಿಂಟ್‌ನೊಂದಿಗೆ ನಿಂತೇ ಇರುತ್ತದೆ. ರೇಡಿಯಂಟ್ (ದಿವ್ಯಪ್ರಭೆಯ) ಹಾನಿಗೆ ಮತ್ತು ದಾಳದಲ್ಲಿ 20 ಬಿದ್ದಾಗಿನ ಕ್ರಿಟಿಕಲ್ ಪೆಟ್ಟಿಗೆ ಮಾತ್ರ ಈ ರಕ್ಷಣೆ ಅನ್ವಯಿಸುವುದಿಲ್ಲ. ಹಾಗಾದರೆ ಝೋಂಬಿ ಕಸಿಯುವುದು ಪ್ರಾಣವನ್ನಲ್ಲ, ಸಮಯವನ್ನು. ಮುಚ್ಚುತ್ತಿರುವ ಬಾಗಿಲು, ಏರುತ್ತಿರುವ ನೀರು, ಮುಗಿಯಲಿರುವ ಮಂತ್ರೋಚ್ಚಾರ ಇಂಥದ್ದೊಂದು ಗಡುವನ್ನು ಪಕ್ಕದಲ್ಲಿಟ್ಟು, ಇಕ್ಕಟ್ಟಾದ ಹಾದಿಯಲ್ಲಿ ನಾಲ್ಕು ಝೋಂಬಿಗಳನ್ನು ನಿಲ್ಲಿಸಿದರೆ, ‘ಸತ್ತಿತು’ ಎಂದುಕೊಂಡದ್ದು ಮತ್ತೆ ನಿಂತಾಗ ಆಟಗಾರರ ಮುಖದ ಬಣ್ಣ ಬದಲಾಗುವುದನ್ನು ನೋಡಬಹುದು. ಗಡುವಿಲ್ಲದ ಕಡೆ ಇದೇ ಸಾಮರ್ಥ್ಯ ಬರೀ ಬೇಸರ ತರಿಸುತ್ತದೆ.

ಒಂದೇ ಅಂಕಿಯ ಅಡಿಯಲ್ಲಿ ಇಷ್ಟು ಬೇರೆ ಬೇರೆ ಕಾಳಗಗಳು ಅಡಗಿರುವುದು ಪುಸ್ತಕದ ದೊಡ್ಡ ಗುಣ. ಅದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳದಿರುವುದು ದೊಡ್ಡ ದೋಷ. ಪೀಠಿಕೆಯು ಸ್ಟ್ಯಾಟ್ ಬ್ಲಾಕಿನ ಪದಗಳನ್ನು ಒಂದೊಂದಾಗಿ ವಿವರಿಸುತ್ತದೆ; ಅವುಗಳನ್ನು ಜೋಡಿಸಿ ಓದುವ ಬಗೆಯನ್ನು ಒಂದೇ ಒಂದು ಮಾದರಿಯ ಮೂಲಕವಾದರೂ ತೋರಿಸಬಹುದಿತ್ತು. ಕೋಬಾಲ್ಡ್ ಎಂಬ ಪುಟ್ಟ ಜೀವಿಗಳ ವಿವರಣೆಯಲ್ಲಿ ಅವು ಬಲೆಬೋನುಗಳನ್ನು ಹೂಡುವುದರಲ್ಲಿ ನಿಪುಣ ಎಂಬ ಮಾತು ಬರುತ್ತದೆ, ಸರಿ. ಆದರೆ ಚೌಕದೊಳಗೆ ಬಲೆಯ ಸುಳಿವೂ ಇಲ್ಲ. ಕಥನ ಒಂದು ಕಡೆ, ನಿಯಮ ಇನ್ನೊಂದು ಕಡೆ ಉಳಿದು, ಎರಡನ್ನೂ ಬೆಸೆಯುವ ಕೆಲಸ ಸಂಪೂರ್ಣವಾಗಿ ಡಂಜನ್ ಮಾಸ್ಟರ್‌ನ ಪಾಲಿಗೆ ಬೀಳುತ್ತದೆ.

ಕೆಲವು ಕಡೆ ಸಾಮರ್ಥ್ಯದ ಬರವಣಿಗೆಯೇ ಎಷ್ಟು ಚೊಕ್ಕವಾಗಿದೆಯೆಂದರೆ ನಕ್ಷೆಯನ್ನು ಬೇರೆ ಬಿಡಿಸಬೇಕಿಲ್ಲ. ಹಾರ್ಪಿ ಎಂಬ ರೆಕ್ಕೆಯುಳ್ಳ ಹೆಣ್ಣುರೂಪದ ಜೀವಿಯ ಹಾಡನ್ನೇ ತೆಗೆದುಕೊಳ್ಳೋಣ. 300 ಅಡಿಯೊಳಗೆ ಅದನ್ನು ಕೇಳಿಸಿಕೊಳ್ಳುವ ಪ್ರತಿಯೊಬ್ಬ ಮಾನವರೂಪಿ ಮತ್ತು ದೈತ್ಯ 11ರ ವಿಸ್ಡಮ್ ಸೇವಿಂಗ್ ಥ್ರೋ ಹಾಕಬೇಕು. ಸೋತವರು ತಮ್ಮ ಸರದಿಯಲ್ಲಿ ಅತ್ಯಂತ ನೇರವಾದ ದಾರಿಯಲ್ಲಿ ಹಾರ್ಪಿಯತ್ತ ನಡೆಯುತ್ತಾರೆ, ಬೇರೇನನ್ನೂ ಮಾಡಲಾರರು. ಹೊಂಡ, ಲಾವಾದಂತಹ ಹಾನಿ ಮಾಡುವ ನೆಲಕ್ಕೆ ಕಾಲಿಡುವ ಮೊದಲು ಅವರಿಗೆ ಮತ್ತೊಂದು ಥ್ರೋ ಸಿಗುತ್ತದೆ. ಇದನ್ನು ಓದಿದ ಹೆಚ್ಚಿನವರು ಕೂಡಲೇ ಒಂದು ಪ್ರಪಾತವನ್ನು ಬಿಡಿಸುತ್ತಾರೆ. ಆದರೆ ಆ ಎರಡನೆಯ ಥ್ರೋ ಇರುವುದರಿಂದ ಪ್ರಪಾತದ ಅಂಚು ಆಟಗಾರರಿಗೆ ಎಚ್ಚರಗೊಳ್ಳುವ ಅವಕಾಶವನ್ನೇ ಕೊಡುತ್ತದೆ. ನಿಜವಾಗಿ ಹೆಚ್ಚು ಬಿಗಿಯಾದ ಕಾಳಗ ಹುಟ್ಟುವುದು ‘ನೇರವಾದ ದಾರಿ’ ಎಂಬ ಮಾತಿನಿಂದ. ಆ ದಾರಿಯ ಎರಡೂ ಬದಿಗೆ ಗಾಬ್ಲಿನ್‌ಗಳನ್ನು ಕೂರಿಸಿದರೆ, ಮೋಡಿಗೊಳಗಾದವರು ಅವುಗಳ ನಡುವೆಯೇ ನಡೆದು ಹೋಗಬೇಕು. ಬೇರೆಯವರಿಂದ ಪೆಟ್ಟು ಬಿದ್ದಾಗಲೂ ಥ್ರೋ ಮರಳಿ ಸಿಗುತ್ತದೆ ಎಂಬ ನಿಯಮದಿಂದ ಗಾಬ್ಲಿನ್‌ಗಳು ಈಗಲೇ ಹೊಡೆಯಬೇಕೋ ಹಾರ್ಪಿಯ ಬಳಿಗೆ ಹೋಗಲು ಬಿಡಬೇಕೋ ಎಂಬ ಪ್ರಶ್ನೆ ಡಂಜನ್ ಮಾಸ್ಟರ್‌ಗೂ ಎದುರಾಗುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಒಂದು ಹಾರ್ಪಿಯ ಹಾಡಿಗೆ ಸಿಕ್ಕವರು ಉಳಿದ ಹಾರ್ಪಿಗಳ ಹಾಡನ್ನು ಕೇಳಿಸಿಕೊಳ್ಳುವುದಿಲ್ಲ. ಹಾಗಾದರೆ ಎದುರುಬದುರು ದಿಕ್ಕಿನಲ್ಲಿ ಎರಡು ಹಾರ್ಪಿಗಳನ್ನು ಕೂರಿಸಿದಾಗ ಗುಂಪು ತಾನಾಗಿ ಇಬ್ಭಾಗವಾಗುತ್ತದೆ: ಮೊದಲನೆಯದಕ್ಕೆ ಸೋತವರು ಒಂದು ಕಡೆಗೆ, ಗೆದ್ದು ಎರಡನೆಯದಕ್ಕೆ ಸೋತವರು ಇನ್ನೊಂದು ಕಡೆಗೆ. ಎರಡನ್ನೂ ಗೆದ್ದವರು ನಡುವೆ ನಿಂತು ಯಾರ ಹಿಂದೆ ಓಡಬೇಕೆಂದು ತೀರ್ಮಾನಿಸಬೇಕು. ಒಂದು ಚಾಲೆಂಜ್ ರೇಟಿಂಗಿನ, 38 ಹಿಟ್ ಪಾಯಿಂಟಿನ, ದುರ್ಬಲ ಪೆಟ್ಟಿನ ಜೀವಿಯೊಂದರಿಂದ ಇಂಥ ಕಾಳಗ ಹೊರಡುತ್ತದೆ ಎಂಬುದು ಬರೆದವರ ಕುಶಲತೆಗೆ ಸಾಕ್ಷಿ.

ಚಾಲೆಂಜ್ ರೇಟಿಂಗ್ ನಂಬಿಕೆಗೆ ಅರ್ಹವಲ್ಲದ ಕಡೆಗಳೂ ಇವೆ. ಅವುಗಳಲ್ಲಿ ಅತ್ಯಂತ ಕುಖ್ಯಾತವಾದದ್ದು ಬುದ್ಧಿಯನ್ನೇ ತಿನ್ನುವ ಇಂಟಲೆಕ್ಟ್ ಡಿವೋರರ್. ರೇಟಿಂಗ್ 2, ಅನುಭವಾಂಕ 450. ಎರಡನೆಯ ಮಟ್ಟದ ನಾಲ್ಕು ಪಾತ್ರಗಳಿಗೆ ‘ಮಧ್ಯಮ’ ಕಾಳಗದ ಗಡಿ 400, ‘ಕಠಿಣ’ಕ್ಕೆ 600, ಆದ್ದರಿಂದ ಒಂಟಿ ಡಿವೋರರ್ ಮಧ್ಯಮದ ಪಟ್ಟಿಯಲ್ಲಿ ಬರುತ್ತದೆ. ಅದರ ಸಾಮರ್ಥ್ಯವೋ, 10 ಅಡಿಯೊಳಗಿನ ಒಬ್ಬರು 12ರ ಇಂಟೆಲಿಜೆನ್ಸ್ ಥ್ರೋ ಸೋತರೆ ಹಾನಿಯ ಜೊತೆಗೆ ಮೂರು ಆರುಮುಖದ ದಾಳಗಳನ್ನು ಉರುಳಿಸುವುದು. ಮೊತ್ತ ಅವರ ಇಂಟೆಲಿಜೆನ್ಸ್‌ನಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಗುಣಾಂಕ ಸೊನ್ನೆಯಾಗಿ ಪಾತ್ರ ಸ್ತಬ್ಧವಾಗುತ್ತದೆ. ಇಂಟೆಲಿಜೆನ್ಸ್ 8 ಇರುವ ಒಬ್ಬ ಫೈಟರ್ (ಯೋಧ ಪಾತ್ರ) ಮೊದಲ ಥ್ರೋ ಸೋಲುವ ಸಂಭವ ನೂರಕ್ಕೆ ಅರವತ್ತು. ಸೋತ ಮೇಲೆ ದಾಳಗಳು ಎಂಟನ್ನು ಮುಟ್ಟುವ ಸಂಭವ ನೂರಕ್ಕೆ ಎಂಬತ್ತಕ್ಕೂ ಹೆಚ್ಚು. ಅಂದರೆ ಪ್ರತಿ ಪ್ರಯತ್ನದಲ್ಲೂ ಸುಮಾರು ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಆ ಆಟಗಾರ ಕಾಳಗದಿಂದಷ್ಟೇ ಅಲ್ಲ, ಆ ದಿನದ ಆಟದಿಂದಲೇ ಹೊರಗುಳಿಯುತ್ತಾನೆ. ಕಳೆದುಕೊಂಡದ್ದನ್ನು ಮರಳಿ ತರುವ ಗ್ರೇಟರ್ ರೆಸ್ಟೊರೇಷನ್ ಐದನೆಯ ಹಂತದ ಮಂತ್ರ; ಪುರೋಹಿತ ಪಾತ್ರವಾದ ಕ್ಲೆರಿಕ್‌ಗೆ ಅದು ಸಿಗುವುದು ಒಂಬತ್ತನೆಯ ಮಟ್ಟದಲ್ಲಿ. ಮಧ್ಯಮ ಎಂಬ ಹಣೆಪಟ್ಟಿಗೂ ಈ ಪರಿಣಾಮಕ್ಕೂ ಯಾವ ಸಂಬಂಧವೂ ಕಾಣುವುದಿಲ್ಲ.

ಶ್ಯಾಡೋ ಎಂಬ ನೆರಳುಜೀವಿಯದ್ದೂ ಇದೇ ಕಥೆ, ಸ್ವಲ್ಪ ನಿಧಾನವಾಗಿ. ಅರ್ಧ ರೇಟಿಂಗಿನ ಈ ಜೀವಿ ತಾಗಿದಾಗಲೆಲ್ಲ ಸ್ಟ್ರೆಂತ್ ಒಂದರಿಂದ ನಾಲ್ಕರವರೆಗೆ ಇಳಿಯುತ್ತದೆ, ಸೊನ್ನೆ ಮುಟ್ಟಿದವರು ಸಾಯುತ್ತಾರೆ. ಹಿಟ್ ಪಾಯಿಂಟ್ ಎಷ್ಟು ಉಳಿದಿದ್ದರೂ ಅಷ್ಟೇ. ಬಲಿಷ್ಠ ಫೈಟರ್‌ಗೆ ಇದು ಕಿರಿಕಿರಿ, ಸ್ಟ್ರೆಂತ್ 8ರ ವಿಝರ್ಡ್‌ಗೆ (ಮಂತ್ರವಾದಿ ಪಾತ್ರ) ಮೂರ್ನಾಲ್ಕು ತಾಗುವಿಕೆಯಲ್ಲಿ ಮರಣ. ಆದರೂ ನಾನು ಶ್ಯಾಡೋವನ್ನು ಡಿವೋರರ್‌ನ ಸಾಲಿಗೆ ಸೇರಿಸಿ ತಳ್ಳಿಹಾಕಲಾರೆ. ಇಲ್ಲಿ ಇಳಿಕೆ ಕಣ್ಣೆದುರು ನಡೆಯುತ್ತದೆ. ಒಂದು ಸಣ್ಣ ವಿಶ್ರಾಂತಿಯಿಂದ ಕಳೆದುಹೋದ ಸ್ಟ್ರೆಂತ್ ಮರಳುತ್ತದೆ. ಬಿಸಿಲಿನಲ್ಲಿ ಅದು ದುರ್ಬಲವಾಗುತ್ತದೆ. ಮಬ್ಬುಗತ್ತಲಿನಲ್ಲಿ ಬೋನಸ್ ಆ್ಯಕ್ಷನ್‌ನಲ್ಲೇ ಅಡಗುತ್ತದೆ. ಬೆಳಕನ್ನು ಆಯುಧವಾಗಿಸುವ ಕಾಳಗಕ್ಕೆ ಬೇಕಾದುದೆಲ್ಲ ಇದರಲ್ಲಿದೆ: ಹಲಗೆ ಹೊಡೆದು ಮುಚ್ಚಿದ ಕಿಟಕಿಗಳಿರುವ ಒಂದು ಹಳೆಯ ಸಭಾಂಗಣ, ಹೊರಗೆ ಹಗಲು, ಒಳಗೆ ಶ್ಯಾಡೋಗಳು. ಹೋರಾಡುವವರು ಹೋರಾಡುತ್ತಿರುವಾಗ ವಿಝರ್ಡ್ ಹಲಗೆಗಳನ್ನು ಕೀಳತೊಡಗುತ್ತಾನೆ. ಅಪಾಯವಿರುವ ಸಾಮರ್ಥ್ಯವೂ ಆಟಗಾರರಿಗೆ ಉತ್ತರಿಸಲು ಏನಾದರೂ ಬಿಟ್ಟುಕೊಟ್ಟಿದ್ದರೆ ಒಳ್ಳೆಯ ಕಾಳಗವಾಗುತ್ತದೆ. ಡಿವೋರರ್ ಅಂಥದ್ದೇನನ್ನೂ ಬಿಟ್ಟುಕೊಡುವುದಿಲ್ಲ ಎಂಬುದೇ ನನ್ನ ತಕರಾರು.

ಟ್ರೋಲ್ ಎಂಬ ದೈತ್ಯಜೀವಿಯ ವಿಷಯದಲ್ಲಿ ತೊಂದರೆ ತದ್ವಿರುದ್ಧ. ಪ್ರತಿ ಸರದಿಯ ಆರಂಭದಲ್ಲಿ 10 ಹಿಟ್ ಪಾಯಿಂಟ್ ಮರಳಿ ಪಡೆಯುವ ಈ ಜೀವಿಗೆ ಬೆಂಕಿ ಅಥವಾ ಆ್ಯಸಿಡ್ ತಾಗಿದರೆ ಮುಂದಿನ ಸರದಿಯಲ್ಲಿ ಆ ಶಕ್ತಿ ಕೆಲಸ ಮಾಡುವುದಿಲ್ಲ. ಈ ಗುಟ್ಟು ಹಳೆಯ ಆಟಗಾರರೆಲ್ಲರಿಗೂ ಗೊತ್ತು. ಟ್ರೋಲ್ ಕಂಡೊಡನೆ ಪಂಜುಗಳು ಹೊರಬರುತ್ತವೆ. ಕೆಲವು ಡಂಜನ್ ಮಾಸ್ಟರ್‌ಗಳು ಆಗ ಟ್ರೋಲ್‌ನ ದೌರ್ಬಲ್ಯವನ್ನೇ ಗುಟ್ಟಾಗಿ ಬದಲಾಯಿಸುವುದುಂಟು. ಅದು ಆಟಗಾರರ ತಿಳಿವಳಿಕೆಗೆ ಮಾಡುವ ಅವಮಾನ ಎಂದು ನನ್ನ ಭಾವನೆ. ನಿಯಮವನ್ನು ಮುಟ್ಟದೆ ಸ್ಥಳವನ್ನು ಬದಲಿಸಿದರೆ ಸಾಕು. ಚಳಿಗಾಲಕ್ಕೆ ಕೂಡಿಟ್ಟ ಧಾನ್ಯದ ಉಗ್ರಾಣದಲ್ಲಿ ಟ್ರೋಲ್ ಸೇರಿಕೊಂಡಿದ್ದರೆ, ಬೆಂಕಿ ಉತ್ತರವೂ ಹೌದು, ನಷ್ಟವೂ ಹೌದು. ಆಟಗಾರರ ತಿಳಿವಳಿಕೆ ಹಾಗೆಯೇ ಉಳಿಯುತ್ತದೆ, ಅದನ್ನು ಬಳಸಲು ತೆರಬೇಕಾದ ಬೆಲೆ ಮಾತ್ರ ಹೆಚ್ಚುತ್ತದೆ.

ದೊಡ್ಡ ಜೀವಿಗಳಲ್ಲಿ, ಹಲವು ಕಣ್ಣುಗಳಿಂದ ಕಿರಣ ಬಿಡುವ, ತೇಲುವ ಗೋಳದಂಥ ಬಿಹೋಲ್ಡರ್ ಪುಸ್ತಕದ ಮುಕುಟಮಣಿ. ಅದರ ನಡುಗಣ್ಣಿನಿಂದ 150 ಅಡಿ ಉದ್ದದ ಶಂಕುವಿನಾಕಾರದ ವಲಯವೊಂದು ಹೊರಡುತ್ತದೆ. ಅದರೊಳಗೆ ಯಾವ ಮಂತ್ರವೂ ನಡೆಯದು. ಸ್ವಾರಸ್ಯವೆಂದರೆ ಆ ವಲಯದಲ್ಲಿ ಬಿಹೋಲ್ಡರ್‌ನ ಸ್ವಂತ ಕಿರಣಗಳೂ ನಡೆಯುವುದಿಲ್ಲ. ಶಂಕುವಿನೊಳಗೆ ನಿಂತ ವಿಝರ್ಡ್ ನಿಷ್ಪ್ರಯೋಜಕ, ಆದರೆ ಸುರಕ್ಷಿತ. ಹೊರಗೆ ನಿಂತವರಿಗೆ ಮಂತ್ರವೂ ಉಂಟು, ಸಾವಿನ ಕಿರಣವೂ ಉಂಟು. ಪ್ರತಿ ಸರದಿಯ ಆರಂಭದಲ್ಲಿ ಬಿಹೋಲ್ಡರ್ ಆ ಕಣ್ಣನ್ನು ಯಾವ ಕಡೆಗೆ ತಿರುಗಿಸಬೇಕು, ತೆರೆಯಬೇಕೋ ಮುಚ್ಚಬೇಕೋ ಎಂದು ನಿರ್ಧರಿಸುವುದರಿಂದ ನಕ್ಷೆ ಸುತ್ತು ಸುತ್ತಿಗೂ ಹೊಸದಾಗುತ್ತದೆ. ಕಿರಣಗಳನ್ನು ದಾಳವೇ ಆರಿಸುವುದರಿಂದ ಡಂಜನ್ ಮಾಸ್ಟರ್ ಯಾರನ್ನೋ ಗುರಿಮಾಡಿ ಕೊಂದ ಎಂಬ ಆಪಾದನೆಗೂ ಅಷ್ಟಾಗಿ ಎಡೆಯಿಲ್ಲ. ತೇಲುತ್ತಲೇ ಇರುವ ಈ ಜೀವಿಗೆ ಸಮತಟ್ಟಾದ ಕೋಣೆ ಕೊಡುವುದು ಅನ್ಯಾಯ. ಎತ್ತರದ ಬಾವಿಯಂಥ ಗುಹೆ, ಮೆಟ್ಟಿಲು ಮೆಟ್ಟಿಲಾದ ಜಗಲಿಗಳು ಬೇಕು.

ಡ್ರ್ಯಾಗನ್‌ಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ವಯಸ್ಕ ಕೆಂಪು ಡ್ರ್ಯಾಗನ್‌ನ ಬೆಂಕಿಯುಸಿರು ಸರಾಸರಿ 63 ಹಾನಿ ಮಾಡುತ್ತದೆ, ಒಮ್ಮೆ ಬಳಸಿದ ಮೇಲೆ ದಾಳದಲ್ಲಿ ಐದು ಅಥವಾ ಆರು ಬಿದ್ದಾಗ ಮರಳುತ್ತದೆ. 80 ಅಡಿ ಹಾರುವ ಜೀವಿಯನ್ನು ನೆಲಕ್ಕಿಳಿಸಿ ನಿಲ್ಲಿಸಿಕೊಳ್ಳುವುದು ಕಾಳಗ ಹೆಣೆಯುವವರ ಆಲಸ್ಯ. ಬೇರೆಯವರ ಸರದಿಯ ಕೊನೆಯಲ್ಲಿ ನಡೆಯುವ ಲೆಜೆಂಡರಿ ಆ್ಯಕ್ಷನ್‌ಗಳೂ, ಇನಿಶಿಯೇಟಿವ್ (ಸರದಿಯ ಕ್ರಮ) 20ರಲ್ಲಿ ಗುಹೆಯೇ ಎದ್ದು ಹೊಡೆಯುವಂಥ ಲೇರ್ ಆ್ಯಕ್ಷನ್‌ಗಳೂ ಒಂಟಿ ಜೀವಿಯೊಂದು ಗುಂಪಿನೆದುರು ಮಂಕಾಗುವುದನ್ನು ಚೆನ್ನಾಗಿ ತಡೆದಿವೆ.

ಇಷ್ಟು ಹೊಗಳಿದ ಮೇಲೆ, ಪುಸ್ತಕದ ಬರಡು ನೆಲವನ್ನೂ ತೋರಿಸಬೇಕು. ಓಗರ್ ಎಂಬ ರಾಕ್ಷಸನಿಗೆ 59 ಹಿಟ್ ಪಾಯಿಂಟ್, ಒಂದು ದೊಡ್ಡ ದೊಣ್ಣೆ, ಒಂದು ಈಟಿ. ಬೆಟ್ಟದ ದೈತ್ಯನಿಗೆ 105 ಹಿಟ್ ಪಾಯಿಂಟ್, ಇನ್ನೂ ದೊಡ್ಡ ದೊಣ್ಣೆ, ಎಸೆಯಲು ಬಂಡೆ. ಗೆರೆಯ ಕೆಳಗೆ ಹುಡುಕಿದರೆ ವಿಶೇಷ ಸಾಮರ್ಥ್ಯ ಒಂದೂ ಇಲ್ಲ. ಹತ್ತಿರ ಬಾ, ಹೊಡೆ; ಇಷ್ಟೇ. ಓಗರ್ ಹೊಡೆದಾಗ ಗುರಿ ಹತ್ತಡಿ ಹಿಂದಕ್ಕೆ ಹಾರಿ ಬೀಳುತ್ತದೆ ಎಂಬ ಒಂದೇ ವಾಕ್ಯವಿದ್ದಿದ್ದರೆ ಅಂಚು, ಗೋಡೆ, ಬೆಂಕಿ ಇವುಗಳಿಗೆಲ್ಲ ಅರ್ಥ ಬರುತ್ತಿತ್ತು. ಇಂಥ ಜೀವಿಗಳನ್ನು ಬಳಸುವವರು ಸಾಮರ್ಥ್ಯವನ್ನು ಪಕ್ಕದ ಜೀವಿಯಿಂದ ಸಾಲ ತರಬೇಕಾಗುತ್ತದೆ. ಗುರಿಯ ಐದು ಅಡಿಯೊಳಗೆ ಸಂಗಾತಿಯಿದ್ದರೆ ಸರದಿಗೊಮ್ಮೆ ಹೆಚ್ಚುವರಿಯಾಗಿ ಎರಡು ದಾಳದ ಹಾನಿ ಮಾಡುವ ಹಾಬ್‌ಗಾಬ್ಲಿನ್‌ಗಳನ್ನು ಓಗರ್‌ನ ಎರಡೂ ಪಕ್ಕಕ್ಕೆ ನಿಲ್ಲಿಸುವುದು ಒಂದು ದಾರಿ: ಆಗ ಓಗರ್ ಎಂದರೆ ಸಂಗಾತಿಯಾಗಿ ಲೆಕ್ಕಕ್ಕೆ ಸಿಗುವ, ಸುಲಭವಾಗಿ ಸಾಯದ ಗೋಡೆ. ಆದರೆ ಅದು ಡಂಜನ್ ಮಾಸ್ಟರ್‌ನ ಜಾಣ್ಮೆಯೇ ಹೊರತು ಪುಸ್ತಕದ್ದಲ್ಲ.

ಹುಡುಕಾಟದ ಅನುಕೂಲವೂ ಕಡಿಮೆ. ಜೀವಿಗಳು ಇಂಗ್ಲಿಷ್ ಅಕ್ಷರಕ್ರಮದಲ್ಲಿವೆ. ಪರಿಸರಕ್ಕೆ ತಕ್ಕಂತೆ ವಿಂಗಡಿಸಿದ ಪಟ್ಟಿ ಈ ಪುಸ್ತಕದಲ್ಲಿಲ್ಲ, ‘ಡಂಜನ್ ಮಾಸ್ಟರ್ಸ್ ಗೈಡ್’ನ ಅನುಬಂಧದಲ್ಲಿದೆ. ‘ಹಿಡಿದೆಳೆಯುವ ಜೀವಿಗಳು ಯಾವುವು, ಬೆಳಕಿಗೆ ಹೆದರುವವು ಯಾವುವು’ ಎಂದು ಸಾಮರ್ಥ್ಯದ ಮೇಲೆ ಹುಡುಕುವವರಿಗಂತೂ ಪುಟ ತಿರುಗಿಸುವುದೊಂದೇ ಗತಿ. ನಾನು ಪುಸ್ತಕದ ಹಿಂಬದಿಯಲ್ಲಿ ನನ್ನದೇ ಪಟ್ಟಿಯೊಂದನ್ನು ಅಂಟಿಸಿಕೊಂಡಿದ್ದೇನೆ: ದೂರ ಬಯಸುವವು, ಇಕ್ಕಟ್ಟು ಬಯಸುವವು, ಕತ್ತಲು ಬಯಸುವವು, ಜೊತೆ ಬಯಸುವವು. ಹತ್ತಡಿ ಅಗಲದ ಹಾದಿಯನ್ನು ಅಂಚಿನಿಂದ ಅಂಚಿಗೆ ತುಂಬಿಕೊಂಡು, ಅಲುಗದೆ ನಿಂತಾಗ ಕಣ್ಣಿಗೂ ಕಾಣದ ಜೆಲ್ಯಾಟಿನಸ್ ಕ್ಯೂಬ್ ಎಂಬ ಲೋಳೆಯ ಘನ ಎರಡನೆಯ ಸಾಲಿನಲ್ಲಿ ಮೊದಲ ಹೆಸರು.

2025ರ ಫೆಬ್ರುವರಿಯಲ್ಲಿ ಬಂದ ಪರಿಷ್ಕೃತ ‘ಮಾನ್‌ಸ್ಟರ್ ಮ್ಯಾನ್ಯುಅಲ್’ 384 ಪುಟಗಳಲ್ಲಿ 500ಕ್ಕೂ ಹೆಚ್ಚು ಜೀವಿಗಳನ್ನು ಕೊಡುತ್ತದೆ. ವಾಸಸ್ಥಾನ, ಚಾಲೆಂಜ್ ರೇಟಿಂಗ್ ಮುಂತಾದವುಗಳ ಪಟ್ಟಿ ಅದರಲ್ಲೇ ಸೇರಿದೆ. ಹಲವು ಜೀವಿಗಳ ಪೆಟ್ಟು ತಾಗಿದ ಕೂಡಲೇ, ಸೇವಿಂಗ್ ಥ್ರೋ ಇಲ್ಲದೆ, ಪರಿಣಾಮವಾಗುವಂತೆ ತಿದ್ದಲಾಗಿದೆ. ಇದರಿಂದ ಆಟದ ವೇಗ ಹೆಚ್ಚುತ್ತದೆ, ಆಟಗಾರರ ಕೈಯಲ್ಲಿದ್ದ ಒಂದು ದಾಳ ಕಡಿಮೆಯಾಗುತ್ತದೆ. ಜೀವಿಗಳ ಸಂಖ್ಯೆಗೆ ತಕ್ಕಂತೆ ಗುಣಿಸುವ ಹಳೆಯ ಲೆಕ್ಕವನ್ನು 2024ರ ‘ಡಂಜನ್ ಮಾಸ್ಟರ್ಸ್ ಗೈಡ್’ ಕೈಬಿಟ್ಟಿರುವುದು ಸ್ವಾಗತಾರ್ಹ. ಆದರೆ ಸಾಮರ್ಥ್ಯದಿಂದ ಕಾಳಗದತ್ತ ಸಾಗುವ ಬಗೆಯನ್ನು ಹೊಸ ಚೌಕವೂ ತಾನಾಗಿ ಹೇಳುವುದಿಲ್ಲ. ಆ ಕೆಲಸ ಓದುವವರದಾಗಿಯೇ ಉಳಿದಿದೆ.

ಹಳೆಯ ಪುಸ್ತಕ ಕೈಯಲ್ಲಿರುವವರು ಕೇವಲ ಕಾಳಗ ಹೆಣೆಯುವ ಉದ್ದೇಶಕ್ಕಾಗಿ ಹೊಸದನ್ನು ಕೊಳ್ಳಲೇಬೇಕೆಂದು ನಾನು ಹೇಳಲಾರೆ. ಬಿಹೋಲ್ಡರ್‌ನ ಶಂಕುವೂ ಹಾರ್ಪಿಯ ಹಾಡೂ ಹಳೆಯದರಲ್ಲಿ ಯಾವ ಕೊರತೆಯೂ ಇಲ್ಲದೆ ಕೆಲಸ ಮಾಡುತ್ತವೆ. ಎರಡೂ ಇಲ್ಲದವರು ಮೊದಲು ಎಸ್‌ಆರ್‌ಡಿ 5.1 ಎಂಬ, ಆಟದ ಮೂಲ ನಿಯಮಗಳ ಕಡತವನ್ನು ಇಳಿಸಿಕೊಂಡು ನೋಡುವುದು ಒಳ್ಳೆಯದು. 2023ರ ಜನವರಿಯಲ್ಲಿ ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಬಿಹೋಲ್ಡರ್ ಅದರಲ್ಲಿಲ್ಲ. ಗಾಬ್ಲಿನ್, ತೋಳ, ಝೋಂಬಿ, ಹಾರ್ಪಿ, ಶ್ಯಾಡೋ, ಟ್ರೋಲ್ ಎಲ್ಲವೂ ತಮ್ಮ ಪೂರ್ಣ ಸಾಮರ್ಥ್ಯಗಳೊಂದಿಗೆ ಅಲ್ಲಿವೆ. ಮೊದಲ ಕೆಲವು ಬೈಠಕ್‌ಗಳಿಗೆ ಅಷ್ಟು ಧಾರಾಳವಾಗಿ ಸಾಕು.